ಓಂಕಾರಪ್ಪನ ಬ್ಯಾಟರಿ ಗಾಡಿ

"ಇಡೀ ಕಲ್ಕತ್ತಾದಾಗ ಹನಿ ಪೆಟ್ರೋಲ್ ಇಲ್ದ, ತಂತಿ ಇಲ್ದ ಗಾಡಿ ಓಡ್ಸಾಂವ ನಾನೊಬ್ಬನ. ಟ್ರಾಮ್ ಸುದ್ದಾ ಮ್ಯಾಲಿನ ತಂತಿ ಹಿಡ್ಕೊಂಡ ನಡೀತದ!" ಎಂದು ಓಂಕಾರಪ್ಪ ಮೀಸೆ ತಿರುವುತ್ತಿದ್ದ.

ಬೆಹಾಲಾದ ಸರ್ಕಾರಿ ಉಗ್ರಾಣದಲ್ಲಿ ನಾನು ಗುಮಾಸ್ತ. ಗದಗಿನ ಕಡೆಯ ಅವನು ಬ್ಯಾಟರಿ ಗಾಡಿಯ ಚಾಲಕ. ಗಾಡಿಯೆಂದರೆ ನಾಲ್ಕು ಚಕ್ರದ ಮೇಲೊಂದು ಅಗಲ ಹಲಗೆ, ಅಡಿಯಲ್ಲಿ ಬ್ಯಾಟರಿ, ಮುಂದೆ ಅವನು ನಿಲ್ಲಲಿಕ್ಕೆ ಒಂದು ಮೆಟ್ಟಿಲು. ಹದಿನೈದು ವರ್ಷ ಕೈಗಾಡಿ ಎಳೆದು ಮೊಣಕಾಲು ಸವೆಸಿಕೊಂಡವನಿಗೆ ಅರವತ್ತೇಳನೇ ಇಸವಿಯಲ್ಲಿ ಅದು ಬಂದದ್ದೇ ಪುನರ್ಜನ್ಮ. ದಿನಾ ಬೆಳಿಗ್ಗೆ ಅದರ ಬ್ಯಾಟರಿಗೆ ನೀರು ತುಂಬುತ್ತಿದ್ದ. "ನನಗ ಒಂದ್ ದಿನಾನೂ ಒಂದ್ ಲೋಟ ನೀರ ಕೊಟ್ಟಿಲ್ಲ ಈ ಮನಷ್ಯಾ," ಎನ್ನುತ್ತಿದ್ದಳು ಹೆಂಡತಿ ಶಾಂತಮ್ಮ.

ಎಪ್ಪತ್ತನಾಲ್ಕರ ಹೊತ್ತಿಗೆ ಬ್ಯಾಟರಿಗೆ ಮುಪ್ಪು ಬಂತು. ಚಾರ್ಜಿಗೆ ಹಾಕಿದರೆ ಲೋಡ್‌ಶೆಡ್ಡಿಂಗ್. ಕರೆಂಟು ಬಂದರೂ ಹಿಡಿದಿಟ್ಟುಕೊಳ್ಳುವ ತ್ರಾಣ ಅದಕ್ಕಿಲ್ಲ. ಗೇಟಿನಿಂದ ಗೋದಾಮಿಗೆ ಅದು ತಲುಪುವಷ್ಟರಲ್ಲಿ ಹಡಗೊಂದು ರಂಗೂನಿಗೆ ಹೋಗಿ ಬರುತ್ತಿತ್ತು. ಬಸವನಹುಳುಗಳು ಹಿಂದಿನಿಂದ ಬಂದು ದಾರಿ ಕೇಳಿದ್ದನ್ನು ನಾನೇ ಕಂಡಿದ್ದೇನೆ. ಆಮೇಲೆ ಅರ್ಧ ದಾರಿಯಲ್ಲೇ ನಿಲ್ಲತೊಡಗಿತು. ಓಂಕಾರಪ್ಪ ಇಳಿದು ನೂಕುತ್ತಿದ್ದ. ಪೆಟ್ರೋಲೂ ಬೇಡ, ತಂತಿಯೂ ಬೇಡ. ಅವನ ಹೆಗಲೊಂದು ಸಾಕಾಗಿತ್ತು.

ಹೊಸ ಬ್ಯಾಟರಿಗೆ ನಾನೇ ಅರ್ಜಿ ಬರೆದುಕೊಟ್ಟೆ. ಅಂಗಡಿಯವರು ಹೇಳಿದ ಬೆಲೆ ಏಳು ಸಾವಿರ. ನಮ್ಮ ಅಧಿಕಾರಿ ಉಡುಪಿಯ ನಿತ್ಯಾನಂದ ರಾಯರು ಕನ್ನಡಕ ಒರೆಸಿ, ನಿಯಮದ ಪುಸ್ತಕ ತೆರೆದು, ಓಂಕಾರಪ್ಪನನ್ನು ಕರೆಸಿದರು.

"ಗಾಡಿಗೇ ಈಗ ಎಂಟು ಸಾವಿರ ಮಾರಾಯ. ರಿಪೇರಿ ಅರ್ಧ ಬೆಲೆ ದಾಟಿದರೆ ಗುಜರಿಗೆ ಹಾಕಬೇಕು ಅಂತ ಇದರಲ್ಲಿ ಉಂಟು. ನಾನೆಂಥ ಮಾಡುವುದು?"

"ಮತ್ತ ಸಾಮಾನು, ಸಾಹೇಬ್ರ?"

"ಕೈಗಾಡಿ ಉಂಟಲ್ಲ. ನಿಧಾನಕ್ಕೆ ಎಳಿ. ಅವಸರ ಇಲ್ಲ."

ಓಂಕಾರಪ್ಪನಿಗೆ ಐವತ್ತಮೂರು, ನಿವೃತ್ತಿಗೆ ಇನ್ನೂ ಐದು ವರ್ಷ. ಮೀಸೆ ತಿರುವಲು ಕೈ ಎತ್ತಿದವನು ಅರ್ಧಕ್ಕೇ ಇಳಿಸಿದ. ಬಗ್ಗಿ ಮೊಣಕಾಲು ಹಿಡಿದುಕೊಂಡ. ರಾಯರು ಗುಜರಿಯ ಕಾಗದಕ್ಕೆ ಸಹಿ ಹಾಕಲು ಪೆನ್ನಿನ ಮುಚ್ಚಳ ತೆಗೆದರು.

"ಸಾಹೇಬ್ರ, ಒಂದ್ ನಿಮಿಷ ತಡೀರಿ. ನನ್ನ ಮೊಣಕಾಲ ರಿಪೇರಿನೂ ನನ್ನ ಅರ್ಧ ಬೆಲಿ ದಾಟಿ ಭಾಳ ದಿನ ಆತು. ಆ ಕಾಗದದಾಗ ನನ್ನ ಹೆಸರೂ ಸೇರಿಸ್ರಿ. ಗುಜರಿ ಶೆಡ್ಡಿನ್ಯಾಗ ಗಾಡಿ ಪಕ್ಕ ನೆಳ್ಳಿಗೆ ಕೂತಿರ್ತೀನಿ."