ಹಿಮದಲ್ಲಿ ಸೀನಿದ ಬಿಲ್ಲುಗಾತಿ

ಯಾವ ಬಸ್ಸು ಎಲ್ಲಿಂದ ಹೊರಡುತ್ತದೆ ಎಂದು ನಿಲ್ದಾಣದ ಮೈಕಿನಲ್ಲಿ ಕೂಗಿ ಹೇಳುವುದು ಅವಳ ಕೆಲಸ. ಅದಕ್ಕೇ ಬೀದಿಯವರಿಗೆಲ್ಲ ಅವಳು ಮೈಕಕ್ಕ. ಮನೆಯಲ್ಲಿ ಗಂಡನಿಗೆ ಕಾಫಿ ಬೇಕೇ ಎಂದು ಕೇಳಿದರೆ ಎದುರುಮನೆಯವರು ಬೇಡ ಎನ್ನುತ್ತಿದ್ದರು, ಅಂಥ ಗಂಟಲು. ಗಂಡನದು ಕನ್ನಡಕದ ಅಂಗಡಿ. ಮಾತೂ ಮೆತ್ತಗೆ, ನಡಿಗೆಯೂ ಮೆತ್ತಗೆ. ಭುಜ ತಾಗಿದರೆ ಬಾಗಿಲಿಗೂ ಕ್ಷಮಿಸಿ ಎನ್ನುವ ಮನುಷ್ಯ.

ಒಮ್ಮೆ ಬಸ್ಸಿಗೆ ಕಾಯುತ್ತಿದ್ದವನೊಬ್ಬ ಆ ಧ್ವನಿಯ ಬೆನ್ನು ಹತ್ತಿ ಅವಳ ಕೋಣೆಗೇ ಬಂದ. ತಾನು ಕಂಪ್ಯೂಟರಿನಲ್ಲಿ ಆಡುವ ಹೊಡೆದಾಟದ ಗೇಮೊಂದನ್ನು ಮಾಡುತ್ತಿರುವುದಾಗಿಯೂ ಅದರೊಳಗಿನ ಹೆಂಗಸರಿಗೆಲ್ಲ ಅವಳೇ ಧ್ವನಿ ಕೊಡಬೇಕೆಂದೂ ಕೇಳಿದ. ಮೈಕಕ್ಕ ಹಿಗ್ಗಿ ಹೀರೇಕಾಯಿಯಾದಳು. ಜೀವಮಾನವೆಲ್ಲ ಬಸ್ಸುಗಳ ಪರವಾಗಿ ಮಾತಾಡಿದವಳಿಗೆ ಈಗ ರಾಣಿಯೊಬ್ಬಳ ಪರವಾಗಿ ಮಾತಾಡುವ ಅವಕಾಶ.

ಗೇಮಿನಲ್ಲಿ ರಾಣಿಯೇನೋ ಇದ್ದಳು. ಹಳ್ಳಿಯವಳಿದ್ದಳು, ಮಾಟಗಾತಿಯಿದ್ದಳು, ಬಿಲ್ಲುಗಾತಿಯೂ ಇದ್ದಳು. ಆದರೆ ಎಲ್ಲರಿಗೂ ಒಂದೇ ಉದ್ಯೋಗ: ಏಟು ತಿನ್ನುವುದು, ಕಿರುಚುವುದು, ಸಾಯುವುದು. ಗಂಡಸರು ಮಾತ್ರ ಸಾಯುವ ಮೊದಲು ಉದ್ದುದ್ದ ಭಾಷಣ ಮಾಡಿ ಸಾಯುತ್ತಿದ್ದರು.

ಒಪ್ಪಿಕೊಂಡ ಕೆಲಸ, ಚೊಕ್ಕವಾಗಿ ಮಾಡಬೇಕೆಂದು ಮೈಕಕ್ಕ ಮನೆಯಲ್ಲೇ ಅಭ್ಯಾಸಕ್ಕಿಳಿದಳು. ರಾಣಿಯಾಗಿ ಕಿರುಚಿ ಮುಗಿಸಿ ಹಳ್ಳಿಯವಳಾಗಿ ಕಿರುಚುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ಪಾತ್ರೆ ತೊಳೆಯುತ್ತಿದ್ದ ಗಂಡ ಸೋಪಿನ ಕೈಯಲ್ಲೇ ಹೋಗಿ ತೆರೆದರೆ, ಕೆಳಮನೆಯ ಅಜ್ಜಿ ಲಟ್ಟಣಿಗೆ ಹಿಡಿದು ನಿಂತಿದ್ದಳು. ಅವನು ತಗ್ಗಿದ ದನಿಯಲ್ಲಿ ಸಮಜಾಯಿಷಿ ಕೊಡತೊಡಗಿದ. ದನಿ ತಗ್ಗಿದಷ್ಟೂ ಅಜ್ಜಿಯ ಅನುಮಾನ ಏರಿತು.

“ನಿನ್ನ ಹಾಗೆ ಮೆತ್ತಗಿರೋರನ್ನೇ ನಂಬಬಾರದು,” ಎಂದಳು.

ಮೈಕಕ್ಕ ಓಡಿಬಂದು ವಿಷಯ ಬಿಡಿಸಿ ಹೇಳಿದಳು. ಪುರಾವೆಗೆಂದು ಬಾಗಿಲಲ್ಲೇ ನಿಂತು ಮಾಟಗಾತಿಯ ಸಾವನ್ನೂ ಕಿರುಚಿ ತೋರಿಸಿದಳು. ಅದನ್ನು ಕೇಳಿ ಮೇಲಿನ ಮಹಡಿಯವರೂ ಇಳಿದುಬಂದರು. ಗಂಡ ಒದ್ದೆ ಕೈ ಕಟ್ಟಿಕೊಂಡು ಆರೋಪಿಯಂತೆ ನಿಂತ. ಎಲ್ಲರಿಗೂ ಮತ್ತೆ ಮೊದಲಿನಿಂದ ಹೇಳಿ ಒಪ್ಪಿಸಬೇಕಾಯಿತು.

ಅಜ್ಜಿಗೆ ಮಾತ್ರ ಇನ್ನೊಂದು ಸಂಶಯ ಉಳಿದಿತ್ತು. “ಅದೆಲ್ಲ ಸರಿ ಕಣೆ. ಅಷ್ಟೊಂದು ಹೊಡೀತಾರಲ್ಲ, ಆ ಹೆಂಗಸರು ಒಂದ್ಸಲನಾದ್ರೂ ತಿರುಗಿಸಿ ಹೊಡೆಯಲ್ವಾ?”

“ಇಲ್ಲ ಅಜ್ಜಿ. ಅದಕ್ಕೆ ಡೈಲಾಗ್ ಬರೆದಿಲ್ಲ.”

“ಹೊಡೆಯೋಕೆ ಡೈಲಾಗ್ ಯಾಕೆ ಬೇಕು?”

ಆ ಮಾತು ಮೈಕಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ರೆಕಾರ್ಡಿಂಗ್ ಕೋಣೆಗೆ ಹೋದಾಗ, ಬಾಯಿ ತೆರೆಯುವ ಮೊದಲು ಪರದೆಯನ್ನು ಸರಿಯಾಗಿ ನೋಡಿದಳು. ಸುತ್ತ ಹಿಮದ ಬೆಟ್ಟ. ಕತ್ತಿ ಹಿಡಿದ ಗಂಡಸಿಗೆ ನೆತ್ತಿಯಿಂದ ಹೆಬ್ಬೆರಳವರೆಗೆ ಕಬ್ಬಿಣದ ಕವಚ. ಎದುರಿಗಿದ್ದ ಬಿಲ್ಲುಗಾತಿಯ ಮೈಮೇಲಿನ ಬಟ್ಟೆ ಒಂದು ಕನ್ನಡಕ ಒರೆಸಲೂ ಸಾಲುವಂತಿರಲಿಲ್ಲ. ಕೈಯಲ್ಲಿ ಬಿಲ್ಲಿತ್ತು, ಬಾಣವಿರಲಿಲ್ಲ.

“ಇವಳಿಗೆ ಚಳಿ ಆಗಲ್ವಾ?” ಎಂದು ಕೇಳಿದಳು.

“ಆಡೋರು ಅದನ್ನೆಲ್ಲ ಯೋಚನೆ ಮಾಡಲ್ಲ ಅಕ್ಕ. ನೋಡೋಕೆ ಚೆನ್ನಾಗಿದ್ರೆ ಆಯ್ತು,” ಎಂದ ಗೇಮಿನವನು.

“ನೋಡೋರಿಗೇನಪ್ಪ. ಅವಳೊಳಗೆ ನಿಂತು ಕೂಗಬೇಕಾದವಳು ನಾನು.”

ಶುರುಮಾಡಿ ಎಂದು ಅವನು ಕೈಸನ್ನೆ ಮಾಡಿದ. ಮೈಕಕ್ಕ ಮೊದಲು ಹಲ್ಲು ಕಟಕಟಿಸಿದಳು. ಆಮೇಲೆ ಕೋಣೆ ನಡುಗುವಂತೆ ಸೀನಿ, “ತಡಿಯೋ, ಮೂಗು ಒರೆಸ್ಕೊಳ್ತೀನಿ, ಆಮೇಲೆ ಹೊಡಿ,” ಎಂದಳು. ಗೇಮಿನವನ ಮುಖ ಕೆಂಪಾಯಿತು. ಇನ್ನೊಮ್ಮೆ ಮಾಡಿ ಎಂದ. ಇನ್ನೊಮ್ಮೆ ಮಾಡಿದಳು, ಸೀನು ಮೊದಲಿಗಿಂತ ಜೋರಾಗಿತ್ತು. ಧ್ವನಿ ಹಿಡಿಯುತ್ತಿದ್ದ ಹುಡುಗಿ ನಗು ತಡೆಯಲಾರದೆ ಮೇಜಿನಡಿ ಪೆನ್ನು ಹುಡುಕತೊಡಗಿದಳು. ಇವತ್ತಿಗೆ ಸಾಕು, ನಾವೇ ಹೇಳಿ ಕಳಿಸುತ್ತೇವೆ ಎಂದು ಗೇಮಿನವನು ಮೈಕಕ್ಕನನ್ನು ಸಾಗಹಾಕಿದ.

ಕೆಲಸ ಕೈತಪ್ಪಿತೆಂದು ಅವಳು ಸಪ್ಪಗಾದಳು. ಬೀದಿಗೇ ತಿಳಿಯಿತು, ಯಾಕೆಂದರೆ ಎದುರುಮನೆಗೆ ಕಾಫಿಯ ಪ್ರಶ್ನೆ ಕೇಳಿಸಲಿಲ್ಲ.

ಅತ್ತ ಆ ಹುಡುಗಿ ಸೀನನ್ನು ಅಳಿಸದೆ ಗೇಮಿನೊಳಗೇ ಸೇರಿಸಿಬಿಟ್ಟಿದ್ದಳು. ಗೇಮನ್ನು ಆಡಿ ಪರೀಕ್ಷಿಸಲು ಬಂದವರು ಬಿಲ್ಲುಗಾತಿಯ ಮೇಲೆ ಕತ್ತಿ ಎತ್ತಿದ್ದೇ ತಡ, ಅವಳು ಸೀನಿ ತಡಿಯೋ ಎಂದಳು. ಅವರ ಕೈ ಅಲ್ಲೇ ನಿಂತಿತು. ಕೆಲವರಂತೂ ಸೀನು ಕೇಳುವ ಆಸೆಗೆ ಮತ್ತೆ ಮತ್ತೆ ಹೊಡೆದರು, ಆ ಮಾತು ಬೇರೆ. ಆದರೆ ಆಡಿದವಳೊಬ್ಬಳು ಇವಳಿಗೊಂದು ಕೋಟು ಕೊಡಬಾರದೇ ಎಂದು ಕೇಳಿದಾಗ ಗೇಮಿನವನು ಆ ಮಾತನ್ನು ಬರೆದುಕೊಂಡ.

ಅವನು ಮೈಕಕ್ಕನನ್ನು ಮತ್ತೆ ಕರೆಸಿದ. ಪರದೆಯಲ್ಲಿ ಬಿಲ್ಲುಗಾತಿ ದಪ್ಪ ಕೋಟು ತೊಟ್ಟಿದ್ದಳು, ಬೆನ್ನ ತುಂಬ ಬಾಣಗಳಿದ್ದವು. ರಾಣಿ, ಹಳ್ಳಿಯವಳು, ಮಾಟಗಾತಿ ಮಾತ್ರ ಹಿಂದಿನಂತೆಯೇ ಸಾಯುತ್ತಿದ್ದರು, ಅವರನ್ನೂ ಬದಲಿಸಲು ಸಮಯವಿಲ್ಲ ಎಂದ. ಅವರ ವಿಚಾರ ಆಮೇಲೆ ಮಾತಾಡೋಣ ಎಂದು ಮೈಕಕ್ಕ ಸ್ಟೂಲ್ ಎಳೆದುಕೊಂಡು ಕೂತಳು. ಅವಳು ಬಿಡುವವಳಲ್ಲವೆಂದು ಅವನಿಗೆ ಅರ್ಥವಾಯಿತು.

ಈಗ ಬೇಕಾಗಿದ್ದದ್ದು ಬಿಲ್ಲುಗಾತಿ ಗೆದ್ದಾಗಿನ ಕೂಗು. ಮೈಕಕ್ಕ ಬಾಯಿ ತೆರೆದಳು, ಏನೂ ಬರಲಿಲ್ಲ. ಸಾಯುವುದಕ್ಕೆ ಬಗೆಬಗೆಯ ಕೂಗು ಅವಳಲ್ಲಿತ್ತು, ಗೆಲ್ಲುವುದಕ್ಕೆ ಒಂದೂ ಇರಲಿಲ್ಲ. ಗಂಡಸರ ಗರ್ಜನೆ ಪ್ರಯತ್ನಿಸಿದಳು, ಕೆಮ್ಮು ಬಂತು. ನಾಚಿಕೆಯಾಗಿ, ಏನಾಗುತ್ತದೆಂದು ಮೊದಲು ತೋರಿಸಪ್ಪ ಎಂದಳು.

ಅವನು ತೋರಿಸಿದ. ಬಾಣ ತಾಗಿದೊಡನೆ ಕವಚದವನು ಹಿಮದಲ್ಲಿ ಜಾರಿ, ಅಟ್ಟದ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದಂತೆ ಢಣಢಣ ಬಿದ್ದ. ಕಬ್ಬಿಣದ ಭಾರಕ್ಕೆ ಏಳಲಾಗದೆ ಮಗುಚಿದ ಆಮೆಯಂತೆ ಕೈಕಾಲು ಆಡಿಸಿದ. ಮೈಕಕ್ಕನಿಗೆ ನಗು ಒತ್ತರಿಸಿ ಬಂತು. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಧ್ವನಿಯ ಹುಡುಗಿ ಅದನ್ನು ಹಿಡಿದೇಬಿಟ್ಟಳು.

ಹೆಂಡತಿಯನ್ನು ಕರೆದೊಯ್ಯಲು ಬಂದು ಹೊರಗೆ ಕೂತಿದ್ದ ಗಂಡ ಎದ್ದು ಬಂದು, ಒಳಗೆ ನಕ್ಕವರು ಯಾರು ಎಂದು ಮೆಲ್ಲಗೆ ವಿಚಾರಿಸಿದ. ನಿಮ್ಮ ಮನೆಯವರೇ ಎಂದಳು ಹುಡುಗಿ. ಅವನು ಹುಡುಗಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

“ಇನ್ನೊಂದ್ಸಲ ಹಾಕ್ತೀರಾ?” ಎಂದ.