ಬಾಗಿಲು ಹಾಕಿ ನೋಡಿದ ಗ್ರಹಣ

ಸವಣೂರು ತಾಲೂಕಿನ ನಮ್ಮ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂದಾಗ ಅದಕ್ಕೆ ಮೊದಲು ಸಿಕ್ಕಿದ್ದು ಅರಿಷಿಣ, ಕುಂಕುಮ, ತೆಂಗಿನಕಾಯಿ. ಆಮೇಲೆ ಸಿಕ್ಕಿದ್ದು ಕತ್ತಲೆ. ಬಿಸಿಲು ಬಿದ್ದರೆ ಚಿತ್ರ ಮಂಕಾಗುತ್ತದೆ ಎಂದು ಹೆಡ್‌ಮಾಸ್ತರರು ಮೂಡಣ ಕಿಟಕಿಗಳಿಗೆಲ್ಲ ತಗಡು ಬಡಿಸಿದರು. ಬೆಳಕನ್ನು ಹೊರಗಿಟ್ಟು ವಿಜ್ಞಾನ ಕಲಿಸಲು ಹೊರಟ ಶೂರರು ನಾವು! ವಿಜ್ಞಾನದ ಶಿಕ್ಷಕಿಯಾದ ನನಗೆ ಶಿಗ್ಗಾಂವಿಯಲ್ಲಿ ತರಬೇತಿಯೂ ಆಗಿತ್ತು. ಬೆರಳಿನಿಂದ ಒತ್ತುವುದು ಹೇಗೆ ಎಂದು ಇಡೀ ದಿನ ಹೇಳಿಕೊಟ್ಟರು. ಒತ್ತಿ ಏನು ಕಲಿಸಬೇಕೆಂದು ಯಾರೂ ಹೇಳಲಿಲ್ಲ.

ಆ ವರ್ಷ ಸೂರ್ಯಗ್ರಹಣ ಬೆಳಿಗ್ಗೆಯೇ ಬಂತು. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಚಪ್ಪಲಿ ಡಬ್ಬಿಗೆ ಸೂಜಿಯಿಂದ ತೂತು ಮಾಡಿ, ಒಳಗೆ ಬಿಳಿ ಹಾಳೆ ಅಂಟಿಸಿ ತಂದಿದ್ದಳು. ನಾನೇ ಹೇಳಿಕೊಟ್ಟದ್ದು. ಸೂರ್ಯನಿಗೆ ಬೆನ್ನು ಮಾಡಿ ನಿಂತು ಡಬ್ಬಿ ಹಿಡಿದರೆ ಹಾಳೆಯ ಮೇಲೆ ಗ್ರಹಣ ಮೂಡುತ್ತದೆ, ಕಣ್ಣಿಗೂ ಅಪಾಯವಿಲ್ಲ. ಅವಳ ಮನೆಯಲ್ಲಿ ಗ್ರಹಣ ಎಂದರೆ ಬಾಗಿಲು ಬಂದ್. "ಸಾಲ್ಯಾಗರ ತೋರಸ್ತೀರಲ್ರಿ, ಅಕ್ಕೋರ?" ಎಂದು ಹಿಂದಿನ ದಿನ ಕೇಳಿದ್ದಳು. ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ.

ಹೆಡ್‌ಮಾಸ್ತರರು ಎಲ್ಲರನ್ನೂ ಬೋರ್ಡಿನ ಕೋಣೆಯಲ್ಲಿ ಕೂಡಿ ಚಿಲಕ ಹಾಕಿದರು. ಅವರೂ ಬಿ.ಎಸ್ಸಿ. ಓದಿದವರೇ, ಅಂದು ಉಪವಾಸವಿದ್ದರು.

"ಹೊರಗ ಯಾಕ್ರಿ ಟೀಚರ್? ಬೋರ್ಡಿನ್ಯಾಗ ಇನ್ನೂ ಚಲೋ ಕಾಣತೈತಿ. ಮ್ಯಾಲಿನವ್ರಿಗೆ ಫೋಟೋ ಬ್ಯಾರೆ ಕಳಸಬೇಕು."

ನಾನು ಜಗಳವನ್ನೇ ಮಾಡಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು.

ಬೋರ್ಡಿನ ಚಂದ್ರ ಬೋರ್ಡಿನ ಸೂರ್ಯನನ್ನು ಅರ್ಧ ನುಂಗುವಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಲಲ್ಲಿ, ಬೋರ್ಡಿನ ಬಿಳಿ ಮೈಮೇಲೆ, ರೂಪಾಯಿಯಷ್ಟಗಲದ ಒಂದು ಬೆಳಕು ಉಳಿಯಿತು. ಕುಡಗೋಲಿನಂತೆ ಬಾಗಿತ್ತು. ಕಿಟಕಿಯ ತಗಡಿನ ಮೊಳೆಯೊಂದು ಬಿದ್ದು ಆಗಿದ್ದ ತೂತಿನಿಂದ ಗ್ರಹಣದ ಸೂರ್ಯ ಖುದ್ದಾಗಿ ಒಳಗೆ ಬಂದಿದ್ದ. ಇಡೀ ಕೋಣೆಯೇ ಅವಳ ಚಪ್ಪಲಿ ಡಬ್ಬಿಯಾಗಿತ್ತು.

"ಅಕ್ಕೋರ, ಬಂತ್ರೀ!" ಎಂದು ಹುಡುಗಿ ಹಿಂದಿನ ಸಾಲಿನಿಂದ ಬೆಂಚು ದಾಟಿ ಓಡಿ ಬಂದಳು. ಅವಳು ಹತ್ತಿರ ಬರುವ ಮೊದಲೇ ಹೆಡ್‌ಮಾಸ್ತರರು ಕುರ್ಚಿ ಹತ್ತಿ ತೂತಿಗೆ ಕರವಸ್ತ್ರ ತುರುಕಿದ್ದರು.

"ಗ್ರಹಣದ ಬೆಳಕ ಹುಡುಗೂರ ಮ್ಯಾಲೆ ಬೀಳತೈತ್ರಿ! ಏನರ ಆದ್ರ ಯಾರ ಹೊಣಿ?"

ನನ್ನ ಮೈ ಉರಿದುಹೋಯಿತು. ಅಷ್ಟರಲ್ಲಿ ಹಾಳು ಕರೆಂಟ್ ಬಂತು.

ಬೋರ್ಡು ಪಾಠ ಮುಗಿಸಿ ಪ್ರಶ್ನೆ ಕೇಳಿತು: ನೀವು ಗ್ರಹಣ ನೋಡಿದಿರಾ? ಕೆಳಗೆ ಎರಡು ಗುಂಡಿ, 'ಹೌದು', 'ಇಲ್ಲ'.

"ಬಾರವಾ, ನೀನ ಒತ್ತು" ಎಂದು ಹೆಡ್‌ಮಾಸ್ತರರು ಅವಳನ್ನೇ ಕರೆದು, ಫೋಟೋಕ್ಕೆ ಫೋನು ಎತ್ತಿ ಹಿಡಿದರು.

ಅವಳು ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಹೋಗಿ 'ಇಲ್ಲ' ಒತ್ತಿದಳು. ಬೋರ್ಡು ಅಳುವ ಸದ್ದು ಮಾಡಿತು. ಹೆಡ್‌ಮಾಸ್ತರರು ಅವಳನ್ನು ಪಕ್ಕಕ್ಕೆ ಸರಿಸಿ ತಾವೇ 'ಹೌದು' ಒತ್ತಿದರು.

ಬೋರ್ಡು ಚಪ್ಪಾಳೆ ತಟ್ಟಿತು.