ಸೂರಣ್ಣನ ಕುದುರೆಗೊಂದು ಗಾಡಿ

ಕುದುರೆ ಸಾಗಿಸುವ ಟ್ರೇಲರಿನ ಒಳಗೆ ಜಾಗ ಎಷ್ಟಿದೆ ಎಂದು ನೋಡಲು ಕಮಲಾಕ್ಷ ಐತಾಳ ತಾನೇ ಒಳಗೆ ಹತ್ತಿ ನಿಂತ. ಅದೇ ಹೊತ್ತಿಗೆ ಕಡಲ ಗಾಳಿ ಒಂದು ಬೀಸು ಬೀಸಿ ಹಿಂದಿನ ಬಾಗಿಲು ದಡಾರನೆ ಮುಚ್ಚಿಕೊಂಡಿತು, ಹೊರಗಿನ ಚಿಲಕ ತಾನಾಗಿ ಬಿತ್ತು. ಇದೆಲ್ಲ ನಡೆದದ್ದು ತ್ರಾಸಿಯ ತೀರದಲ್ಲಿ, ಮೇ ತಿಂಗಳ ಭಾನುವಾರ ಸಂಜೆ ಐದಕ್ಕೆ, ಅಂದರೆ ವಾರದಲ್ಲಿ ಅತಿ ಹೆಚ್ಚು ಜನ ಅಲ್ಲಿ ಸೇರುವ ಗಳಿಗೆಯಲ್ಲಿ.

ಕುದುರೆಗೆ ಉಸಿರಾಡಲು ಇಟ್ಟ ಕಿಟಕಿಯಲ್ಲಿ ಕಮಲಾಕ್ಷನ ಮುಖ ಮಾತ್ರ ಕಾಣುತ್ತಿತ್ತು. ಹುಬ್ಬಳ್ಳಿ ಕಡೆಯ ಒಬ್ಬಾಕೆ ನಿಂತು ಗಂಡನನ್ನು ಕರೆದಳು. "ಇಲ್ನೋಡ್ರಿ, ಇಲ್ಲೆ ಕುದ್ರಿಗೂ ಚಸ್ಮಾ ಹಾಕ್ಯಾರ!" ಗಂಡ ನೋಡಿದ್ದಲ್ಲದೆ ಫೋಟೋ ಕೂಡ ಹೊಡೆದುಕೊಂಡ.

"ಸೂರಣ್ಣಾ! ಹ್ವಾಯ್!"

"ತಡೀನಿ ಐತಾಳ್ರೆ, ಗುಲಾಬಿಗೆ ಹುರುಳಿ ಹಾಕಿ ಬತ್ತೆ" ಎಂದಿತು ಹೊರಗಿನ ಸ್ವರ, ಯಾವ ಅವಸರವೂ ಇಲ್ಲದೆ.

ಹುರುಳಿ ತಿನ್ನಿಸಲು ಏಳು ನಿಮಿಷ ಬೇಕಾಯಿತು. ಆ ಏಳು ನಿಮಿಷ ಕಮಲಾಕ್ಷ ಕಾದ ತಗಡಿನ ನಡುವೆ, ಹೊಸ ಬಣ್ಣದ ವಾಸನೆಯಲ್ಲಿ ನಿಂತಿದ್ದ. ಹತ್ತು ಮಾರು ದೂರದ ಹೆದ್ದಾರಿಯಲ್ಲಿ ಒಂದೊಂದು ಟ್ಯಾಂಕರ್ ಹೋದಾಗಲೂ ಕಾಲ ಕೆಳಗಿನ ಹಲಗೆ ನಡುಗುತ್ತಿತ್ತು. ಇದರೊಳಗೆ ನಿಂತವರಿಗೆ ದಾರಿ ಕಾಣುವುದಿಲ್ಲ, ಗಾಡಿ ಬಿಡುವವನ ಕಾಲು ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಹೊರಗೆ ಬಂದ ಮೇಲೆ ಅವನು ನಗಲಿಕ್ಕೆ ನೋಡಿದ, ಆಗಲಿಲ್ಲ.

ಇಷ್ಟಕ್ಕೂ ಅವನು ಅಲ್ಲಿ ಬಂದು ಸಿಕ್ಕಿಕೊಂಡದ್ದು ತನ್ನ ಬಾಯಿಂದಾಗಿ. ತಂಗಿಯ ಮಗಳು ಶ್ರಾವ್ಯಳ ಮದುವೆ ಮುಂದಿನ ಭಾನುವಾರ ಶಿರೂರಿನಲ್ಲಿ. ಹುಡುಗ ಪುಣೆಯಲ್ಲಿ ಬೆಳೆದವನು, ಹಾಲ್‌ಗೆ ಕುದುರೆ ಮೇಲೆ ಬರಬೇಕೆಂದು ಅವನಿಗೊಂದು ಆಸೆ. ನಿಶ್ಚಿತಾರ್ಥದ ಪಂಕ್ತಿಯಲ್ಲಿ ಕಮಲಾಕ್ಷ ಹೋಳಿಗೆ ಬಾಯಲ್ಲಿರುವಾಗಲೇ "ಕುದ್ರಿಯಾ? ನಮ್ಮ ಸೂರಣ್ಣ ಇಲ್ಯಾ?" ಎಂದು ಮಾತು ಕೊಟ್ಟುಬಿಟ್ಟ. ತ್ರಾಸಿಗೂ ಶಿರೂರಿಗೂ ನಡುವೆ ಒತ್ತಿನೆಣೆ ಗುಡ್ಡದ ಏರು ಇಳಿತ ಇದೆ ಎನ್ನುವುದು ಹೋಳಿಗೆ ಗಂಟಲಿಳಿದ ಮೇಲೆ ನೆನಪಾಯಿತು. ಹೆಂಡತಿ ಪದ್ಮಾಕ್ಷಿ ಎಲೆಯ ಆಚೆಯಿಂದ ನೋಡಿದ ನೋಟದಲ್ಲೇ ಅವನಿಗೆ ಮುಂದಿನದೆಲ್ಲ ಕಾಣಿಸಿತ್ತು.

ಸೂರಣ್ಣ ಹದಿನಾಲ್ಕಕ್ಕೆ ಮುಂಬೈ ಬಸ್ಸು ಹತ್ತಿದವನು. ನಮ್ಮ ಕಡೆಯವರು ಮುಂಬೈಗೆ ಹೋದರೆ ಹೋಟೆಲಿಗೇ ಹೋಗುವುದು. ಅವನೂ ಆರು ತಿಂಗಳು ಲೋಟ ತೊಳೆದ. ಒಂದು ರಜೆಯ ದಿನ ಕಡಲ ತೀರದಲ್ಲಿ ಕುದುರೆ ಕಂಡವನು ಮತ್ತೆ ಲೋಟದ ಕಡೆ ತಿರುಗಲಿಲ್ಲ. ಇಪ್ಪತ್ತೇಳು ವರ್ಷ ಯಾರು ಯಾರದೋ ಕುದುರೆಗಳ ಬೆನ್ನು ತಿಕ್ಕಿದ. ಕೊನೆಗೆ ಒಬ್ಬ ಮಾಲೀಕ ಲಾಯ ಮುಚ್ಚುವಾಗ, ಬೇಡವೆಂದು ಬಿಟ್ಟ ಒಂದು ಬಿಳಿ ಹೆಣ್ಣು ಕುದುರೆಯನ್ನು ಲಾರಿಯಲ್ಲಿ ನಿಲ್ಲಿಸಿಕೊಂಡು ಊರಿಗೆ ಬಂದ. ಅದೇ ಗುಲಾಬಿ. ದಾರಿಯ ಘಾಟಿಯೊಂದರಲ್ಲಿ ಲಾರಿಯವನು ಒಮ್ಮೆಲೇ ಬ್ರೇಕ್ ತುಳಿದು ಗುಲಾಬಿ ಮುಂಗಾಲೂರಿ ಬಿದ್ದಳು. ಮಂಡಿಯ ಗಾಯ ಮಾಸಿತು, ಹೆದರಿಕೆ ಮಾಸಲಿಲ್ಲ. ಅಂದಿನಿಂದ ಎತ್ತರದ ಲಾರಿ, ಪಿಕಪ್ ಕಂಡರೆ ನಾಲ್ಕು ಕಾಲನ್ನೂ ನೆಲಕ್ಕೆ ಊರಿ ನಿಲ್ಲುತ್ತಾಳೆ.

ಅದಕ್ಕೆ ಸೂರಣ್ಣ ಮದುವೆಗಳಿಗೆ ಅವಳನ್ನು ನಡೆಸಿಕೊಂಡೇ ಹೋಗುತ್ತಿದ್ದ. ಹೆದ್ದಾರಿ ಅಗಲವಾದಂತೆ ಗಾಡಿಗಳ ಓಟ ಹೆಚ್ಚಿತು. ಹೋದ ದೀಪಾವಳಿಯ ಹಿಂದುಮುಂದು ಟ್ಯಾಂಕರೊಂದರ ಕನ್ನಡಿ ಅವಳ ಪಕ್ಕೆಯನ್ನು ಗೀರಿಕೊಂಡು ಹೋಯಿತು. ಇನ್ನು ಒಂದು ಗೇಣು ಈಚೆ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಸೂರಣ್ಣ ಆಮೇಲೆ ನೆಲಕ್ಕೆ ಅಂಟಿದಂತಿರುವ ಈ ಟ್ರೇಲರನ್ನು ಮಾಡಿಸಿದ, ಪಕ್ಕಕ್ಕೆ ಬಿಳಿ ಕುದುರೆಯ ಚಿತ್ರ ಬರೆಸಿದ, ಕೆಳಗೆ ದೊಡ್ಡ ಅಕ್ಷರದಲ್ಲಿ 'ಗುಲಾಬಿ' ಎಂದು. ಗುಲಾಬಿ ಅದರೊಳಗೆ ಹೋಗಿ ಹುಲ್ಲು ತಿಂದು ಬರಲು ಒಪ್ಪಿದಳು. ಇನ್ನು ಬೇಕಾದದ್ದು ಅದನ್ನು ಎಳೆಯುವ ಗಾಡಿ. ವರ್ಷಕ್ಕೆ ಎಂಟು ಹತ್ತು ದಿನ ಕುದುರೆಗೆ, ಉಳಿದ ದಿನ ಹುಲ್ಲು ಸಾಗಿಸಲಿಕ್ಕೆ. ಹಳೆ ಗಾಡಿ ನೋಡಲು ಐತಾಳರೂ ಜೊತೆಗೆ ಬರಬೇಕೆಂದ.

"ಅದ್ಕೆ ನಾನ್ಯಾಕೆ ಸೂರಣ್ಣ? ನಂಗ್ ಗಾಡಿ ವಿಷಯ ಎಂತ ಗೊತ್ತಿತ್?"

"ನೀವ್ ಮೂರ್ ಹಳೆ ಗಾಡಿ ತಕಂಡಿದ್ರಿ. ಮೂರ್ರಗೂ ಮೋಸ ಹೋಯ್ದ್ರಿ. ನಿಮ್ಮಷ್ಟ್ ಅನುಭವ ಇಪ್ಪೋರ್ ಈ ತಾಲೂಕಂಗೆ ಇಲ್ಲೆ."

ಅದು ಹೊಗಳಿಕೆಯೇ ಎಂದು ಕಮಲಾಕ್ಷ ಆ ರಾತ್ರಿಯೆಲ್ಲ ಯೋಚಿಸಿದ.

ಸೋಮವಾರ ಬ್ರಹ್ಮಾವರದಲ್ಲಿ ಡಾಕ್ಟರೊಬ್ಬರ ಕಾರು ನೋಡಿದರು. ಹೊಳೆಯುತ್ತಿತ್ತು. ಸೂರಣ್ಣ ಅದರ ಹಿಂಬದಿಯನ್ನು ಎರಡು ಕೈಯಲ್ಲಿ ಹಿಡಿದು ಒಂದು ಸಲ ಎತ್ತಿದ, ಬಿಟ್ಟ. "ಇದ್ ಕುದ್ರಿನ ಎಳುದಲ್ಲ, ಕುದ್ರಿ ಇದ್ನ ನೂಕುದ್" ಎಂದ. ಮಂಗಳವಾರ ಗಂಗೊಳ್ಳಿಯಲ್ಲಿ ಮೀನಿನ ಪಿಕಪ್. ಮೇಲೆ ನೀಲಿ ಬಣ್ಣ ಹೊಸದು. ಸೂರಣ್ಣ ಅಡಿಗೆ ಮಲಗಿ ಬೆರಳಿನಲ್ಲಿ ಚಾಸಿಯನ್ನು ಒತ್ತಿದ. ಉಪ್ಪುನೀರು ತಿಂದ ಕಬ್ಬಿಣ ಅವಲಕ್ಕಿಯಂತೆ ಉದುರಿ ಅವನ ಎದೆಯ ಮೇಲೆ ಬಿತ್ತು. ಇಲ್ಲಿಗೆ ಕೊಕ್ಕೆ ಬೆಸೆದರೆ ಯಾವ ತಿರುವಿನಲ್ಲಿ ಟ್ರೇಲರ್ ಒಂದು ದಾರಿ, ಪಿಕಪ್ ಒಂದು ದಾರಿ ಎಂದು ದೇವರಿಗೇ ಗೊತ್ತು. ಇಬ್ಬರೂ ಬಸ್ಸು ಹತ್ತಿದರು.

ಬುಧವಾರ ಕಮಲಾಕ್ಷನ ಸರದಿ. ಸಿದ್ದಾಪುರದ ಅಣ್ಣಯ್ಯ ಎಂಬವರ ಬಳಿ ರಬ್ಬರ್ ತೋಟದ ಜೀಪು ಇದೆ ಎಂದು ತಿಳಿದು ಫೋನು ಮಾಡಿದ. ಎಳೆಯುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ, ನಿಲ್ಲುತ್ತದೆಯೇ ಎಂದು ಕೇಳಿ ಅಂತ ಸೂರಣ್ಣ ಹೇಳಿಕೊಟ್ಟಿದ್ದ. ಕಮಲಾಕ್ಷ ತನ್ನದೇ ಮಾತಿನಲ್ಲಿ ಕೇಳಿದ.

"ಹಿಂದೆ ಟ್ರೇಲರ್ ಕಟ್ರೆ ಇಳ್ಕಲಂಗೆ ಗಾಡಿ ತಡೀತ್ತಾ?"

"ತಡೀದೆ ಎಂತ ಮಾರಾಯ್ರೆ? ಎಷ್ಟ್ ಬೇಕಾರೂ ತಡೀತ್ತ್!"

ಮರುದಿನ ಸಿದ್ದಾಪುರದ ಆ ಅಂಗಳಕ್ಕೆ ಕಾಲಿಟ್ಟದ್ದೇ ಕಮಲಾಕ್ಷನಿಗೆ ಜೀಪು ಹಿಡಿಸಿತು. ಎತ್ತರ, ಗಟ್ಟಿ, ಕೀಲಿ ತಿರುಗಿಸಿದರೆ ಹುಲಿಯ ಹಾಗೆ ಗುರ್ರೆನ್ನುವ ಇಂಜಿನು. ಸೂರಣ್ಣ ಮಾತ್ರ ಜೀಪನ್ನು ನೋಡಲೇ ಇಲ್ಲ. ಮುಂಬೈಯಲ್ಲಿ ಮಾಲೀಕರಿಗಾಗಿ ಕುದುರೆ ಕೊಳ್ಳುವಾಗಲೂ ಅವನು ಹಲ್ಲು ನೋಡುತ್ತಿರಲಿಲ್ಲ, ಅದು ಕಟ್ಟಿದ್ದ ಲಾಯದ ಗೋಡೆ ನೋಡುತ್ತಿದ್ದ. ಒದೆಯುವ ಕುದುರೆಯ ಹಿಂದಿನ ಗೋಡೆಯಲ್ಲಿ ಗಾರೆ ನಿಲ್ಲುವುದಿಲ್ಲವಂತೆ.

ಅವನ ಕಣ್ಣು ಹೋದಲ್ಲಿಗೆ ಕಮಲಾಕ್ಷನೂ ನೋಡಿದ. ಜೀಪಿನ ನಾಲ್ಕು ಚಕ್ರಕ್ಕೂ ಒಂದೊಂದು ಕಲ್ಲು. ಅಂಗಳದ ಮೂಲೆ ಮೂಲೆಯಲ್ಲಿ ಅಂಥವೇ ಸವೆದ ಕಲ್ಲುಗಳು, ಎಲ್ಲಿ ಬೇಕಾದರೂ ಕೈಗೆ ಸಿಗುವಂತೆ. ಆವರಣದ ಗೋಡೆಯಲ್ಲಿ ಜೀಪಿನ ಅಗಲಕ್ಕೆ ಸರಿಯಾಗಿ ಎರಡು ಕಡೆ ಹೊಸ ಸಿಮೆಂಟು. ತೆಂಗಿನ ಬುಡದಲ್ಲಿ ಮಲಗಿದ್ದ ಮುದಿ ನಾಯಿ, ಕೀಲಿಯ ಸದ್ದು ಕೇಳಿದ್ದೇ ಎದ್ದು, ಮರದ ಹಿಂದಕ್ಕೆ ಹೋಗಿ ಮತ್ತೆ ಮಲಗಿತು.

"ಬ್ರೇಕ್ ಎಂತಾರೂ..." ಎಂದ ಸೂರಣ್ಣ.

"ಮೊನ್ನೆ ಅಷ್ಟೇ ಮಾಡ್ಸಿದ್ದೆ" ಎಂದರು ಅಣ್ಣಯ್ಯ. ದುಂಡು ಮುಖದ, ಕಪಟ ಗೊತ್ತಿಲ್ಲದ ಮನುಷ್ಯ. "ಇಪ್ಪತ್ತ್ ವರ್ಷ ಈ ಗುಡ್ಡಿ ಹತ್ತಿತ್. ಒಂದಿನ ಸೋತದ್ ಕಂಡಿಲ್ಲೆ."

"ತಕಂಬ ಸೂರಣ್ಣ, ಭಾನ್ವಾರಕ್ಕೆ ಇನ್ನ್ ಮೂರೇ ದಿನ" ಎಂದು ಕಮಲಾಕ್ಷ ಕಿವಿಯಲ್ಲಿ ಪಿಸುಗುಟ್ಟಿದ. ಅವನ ಕಣ್ಣ ಮುಂದೆ ಇದ್ದದ್ದು ಶಿರೂರಿನ ಹಾಲ್, ಬೀಗರು, ಪದ್ಮಾಕ್ಷಿಯ ಆ ನೋಟ.

ಸೂರಣ್ಣ ನಾಯಿಯನ್ನೇ ನೋಡುತ್ತಿದ್ದ. "ನಾಳೆ ತ್ರಾಸಿಗೆ ತಕಂಡ್ ಬನ್ನಿ" ಎಂದ. "ಕಟ್ಟಿ ಕಾಂಬ."

ಶುಕ್ರವಾರ ಬೆಳಿಗ್ಗೆ ಕಡಲಿನ ಮೇಲೆ ಮೋಡ ಸೀಸದ ಬಣ್ಣಕ್ಕೆ ತಿರುಗಿತ್ತು. ಗಾಳಿ ಇಲ್ಲ, ಅಲೆಯ ಸದ್ದು ಮಾತ್ರ ಎಂದಿಗಿಂತ ಹತ್ತಿರ. ಜೀಪಿಗೆ ಟ್ರೇಲರ್ ಕಟ್ಟಿದ್ದನ್ನು ಕಂಡು ಗುಲಾಬಿ ತಾನಾಗಿ ಬಾಗಿಲ ತನಕ ಬಂದಳು. ಆದರೆ ಇಂಜಿನು ಚಾಲೂ ಆದದ್ದೇ ಅವಳ ಕಿವಿಗಳು ಹಿಂದಕ್ಕೆ ಮಲಗಿದವು.

"ಹತ್ಸುವ ಸೂರಣ್ಣ. ಹ್ಯಾಂಗೂ ಬಂದಳಲ್ದಾ" ಎಂದ ಕಮಲಾಕ್ಷ. "ಅವ್ಳಿಗೂ ದಾರಿ ಅಭ್ಯಾಸ ಆತ್ತ್."

ಸೂರಣ್ಣ ಅವಳ ಹಗ್ಗ ಬಿಚ್ಚಿ ತನ್ನ ಮನೆಯೆದುರಿನ ಗಾಳಿಮರದ ನೆರಳಿಗೆ ಕಟ್ಟಿದ. ಚೀಲಗಳಿಗೆ ಮರಳು ತುಂಬಲು ಶುರು ಮಾಡಿದ. ಒಂದು, ಎರಡು, ಏಳು. ಅವಳ ತೂಕ ಅಷ್ಟೇ ಎಂದ. ಏಳನ್ನೂ ಅವಳು ನಿಲ್ಲುವ ಜಾಗದಲ್ಲೇ ಪೇರಿಸಿ, ಮೇಲೆ ಮದುವೆಗಳಲ್ಲಿ ಅವಳ ಬೆನ್ನಿಗೆ ಹಾಕುವ ಕೆಂಪು ಜೂಲು ಹೊದಿಸಿ ಬಿಗಿಯಾಗಿ ಕಟ್ಟಿದ. ಟ್ರೇಲರಿನೊಳಗಿನ ಅರೆಗತ್ತಲೆಯಲ್ಲಿ ಆ ಆಕಾರ ಕಂಡು ಕಮಲಾಕ್ಷ ಒಂದು ಹೆಜ್ಜೆ ಹಿಂದೆ ಸರಿದ.

"ಮರಳಿಗ್ ಜೂಲ್ ಯಾಕೆ ಮಾರಾಯ?" ಎಂದು ನಕ್ಕರು ಹಿಂದಿನ ಸೀಟಿನಲ್ಲಿ ಕುಳಿತಿದ್ದ ಅಣ್ಣಯ್ಯ.

"ಬಿಡುವವಂಗೆ ನೆನಪಿರ್ಲಿ ಅಂತ" ಎಂದು ಸೂರಣ್ಣ ಸ್ಟೇರಿಂಗ್ ಹಿಡಿದ.

ಬೈಂದೂರು ದಾಟುವ ತನಕ ಎಲ್ಲ ಸುಸೂತ್ರ. ಒತ್ತಿನೆಣೆಯ ಏರನ್ನು ಜೀಪು ಆಡುತ್ತಾ ಏರಿತು. "ಕಂಡ್ರ್ಯಾ?" ಎಂದರು ಅಣ್ಣಯ್ಯ. ಕಮಲಾಕ್ಷ ಆಗಲೇ ಮನಸ್ಸಿನಲ್ಲಿ ಮದುವೆ ಹಾಲಿನ ಬಾಗಿಲಲ್ಲಿ ಇಳಿಯುತ್ತಿದ್ದ.

ಇಳಿತ ಶುರುವಾಯಿತು. ಎರಡೂ ಕಡೆ ಕಡಿದ ಗುಡ್ಡ. ಮೊದಲ ಸಲ ಬ್ರೇಕ್ ತುಳಿದಾಗ ಜೀಪು ತಗ್ಗಿತು. ಎರಡನೆಯ ಸಲ ಅರೆಮನಸ್ಸಿನಲ್ಲಿ ತಗ್ಗಿತು. ಮೂರನೆಯ ಸಲ ಸೂರಣ್ಣನ ಪಾದ ಸೀದಾ ತಳಕ್ಕೆ ಹೋದದ್ದನ್ನು ಕಮಲಾಕ್ಷ ಕಣ್ಣಾರೆ ಕಂಡ. ಆಗ ಹಿಂದಿನಿಂದ ಯಾರೋ ಹೆಗಲ ಮೇಲೆ ಕೈಯಿಟ್ಟು ಮೆಲ್ಲಗೆ, ಒತ್ತಾಯವಾಗಿ, ಮುಂದಕ್ಕೆ ನೂಕಿದ ಹಾಗಾಯಿತು. ಟ್ರೇಲರ್ ಜೀಪನ್ನು ಒಯ್ಯುತ್ತಿತ್ತು.

"ಸೂರಣ್ಣ..."

"ಬಾಯಿ ಮುಚ್ಚಿ ಹಿಡ್ಕಣಿ."

ಇಳಿತದ ಬುಡದಲ್ಲಿ ಒಂದು ಬಸ್ಸು ನಿಂತು ಜನ ಹತ್ತಿಸುತ್ತಿತ್ತು. ಸೂರಣ್ಣ ಗೇರು ಇಳಿಸಿದ. ಇಂಜಿನು ಕಿರುಚಿತು. ಬಸ್ಸಿನ ಹಿಂಬದಿ ದೊಡ್ಡದಾಗುತ್ತಾ ಬಂತು, ಅದರ ನಂಬರು, ಅದರ ಏಣಿ, ಏಣಿಗೆ ಕಟ್ಟಿದ ಬಾಳೆಗೊನೆ. ಎಡಗಡೆ ಕಳೆದ ಮಳೆಗೆ ಕುಸಿದ ಮಣ್ಣಿನ ರಾಶಿ ಹಾಗೇ ಇತ್ತು. ಸೂರಣ್ಣ ಜೀಪನ್ನು ಅದಕ್ಕೆ ಏರಿಸಿದ. ಕಬ್ಬಿಣ ಹರಿದ ಸದ್ದು, ಆಮೇಲೆ ಕಣ್ಣಿಗೆ ಬರೀ ಕೆಂಪು ಧೂಳು.

ಧೂಳು ಕೂತಾಗ ಮೂವರೂ ಇದ್ದರು. ಅಣ್ಣಯ್ಯನವರ ಹಣೆ ಒಡೆದಿತ್ತು, ಕಮಲಾಕ್ಷನ ಕನ್ನಡಕ ಇರಲಿಲ್ಲ. ಟ್ರೇಲರ್ ಮಾತ್ರ ಮಗ್ಗುಲಾಗಿ ಚರಂಡಿಗೆ ಬಿದ್ದು, ಕುದುರೆ ತಲೆಯಿಡುವ ಮುಂದಿನ ತಗಡು ಒಳಕ್ಕೆ ಮಡಚಿಕೊಂಡಿತ್ತು. ಏಳೂ ಚೀಲ ಒಡೆದು ಮರಳು ಹೊರಗೆ ಸುರಿದಿತ್ತು. ಕೆಂಪು ಜೂಲು ಹರಿದು ರಸ್ತೆಯಲ್ಲಿ ಬಿದ್ದಿತ್ತು. ಕಮಲಾಕ್ಷ ಆ ಮಡಚಿದ ತಗಡನ್ನು ಮುಟ್ಟಿ ನೋಡಿದ. ಬೆಳಿಗ್ಗೆ 'ಹತ್ಸುವ' ಎಂದವನು ತಾನೇ.

"ತಡೀತ್ತ್ ಅಂದ್ರಿ ಅಲ್ದಾ ನೀವ್?" ಎಂದು ಅವನು ಅಣ್ಣಯ್ಯನವರ ಮೇಲೆ ಏರಿ ಹೋದ.

ಅಣ್ಣಯ್ಯ ಹಣೆ ಒತ್ತಿ ಹಿಡಿದುಕೊಂಡು, ನಿಜವಾಗಿಯೂ ನೊಂದವರಂತೆ ಕೊಕ್ಕೆ ತೋರಿಸಿದರು. "ತಡ್ದಿತ್ ಅಲ್ದಾ? ಕಾಣಿ, ಇಷ್ಟ್ ಪೆಟ್ಟಿಗೂ ಕೊಕ್ಕಿ ತುಂಡಾಯ್ಲಿಲ್ಲೆ. ಇಷ್ಟ್ ಭಾರ ಮತ್ತ್ಯಾವ್ ಗಾಡಿ ತಡೀತ್ತ್ ಹೇಳಿ?"

ಭಾರ ತಾಳುವುದಕ್ಕೂ ನಮ್ಮಲ್ಲಿ ಅದೇ ಶಬ್ದ, ಓಟ ನಿಲ್ಲಿಸುವುದಕ್ಕೂ ಅದೇ ಶಬ್ದ. ಕಮಲಾಕ್ಷ ಒಂದನ್ನು ಕೇಳಿದ್ದ, ಅಣ್ಣಯ್ಯ ಇನ್ನೊಂದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದರು. ಸುಳ್ಳು ಯಾರೂ ಹೇಳಿರಲಿಲ್ಲ. ಸಾಯುವುದಕ್ಕೆ ಅಷ್ಟೇ ಸಾಕಾಗಿತ್ತು.

ಸೂರಣ್ಣ ಬೈಯಲಿಲ್ಲ. ಜೂಲನ್ನು ಎತ್ತಿ, ಮಣ್ಣು ಕೊಡವಿ, ನಾಲ್ಕು ಮಡಿಕೆ ಮಾಡಿ ಹೆಗಲಿಗೆ ಹಾಕಿಕೊಂಡ. "ಮದಿ ಗಂಡಿಗೆ ಕಾರಂಗೇ ಬಪ್ಪುಕ್ ಹೇಳಿ ಐತಾಳ್ರೆ" ಎಂದ. ಕಮಲಾಕ್ಷ ತಲೆಯಾಡಿಸಿದ. ಬೀಗರು, ಪದ್ಮಾಕ್ಷಿ ಯಾರ ಮುಖವೂ ಅವನಿಗೆ ಆಗ ನೆನಪಿಗೆ ಬರಲಿಲ್ಲ.

ಅಷ್ಟರಲ್ಲಿ ಬಸ್ಸಿನವರು ಓಡಿ ಬಂದಿದ್ದರು. ಮಗ್ಗುಲಾದ ಟ್ರೇಲರಿನ ಮೇಲೆ ಬಿಳಿ ಕುದುರೆಯ ಚಿತ್ರ, 'ಗುಲಾಬಿ' ಎಂಬ ಹೆಸರು ಕಂಡು ಕೆಲವರು ಚರಂಡಿಗೆ ಇಳಿದರು, ಕೆಲವರು ಪೊದೆ ಸರಿಸಿ ಹುಡುಕತೊಡಗಿದರು. ಒಂದು ಹೆಂಗಸು ಆಗಲೇ ಲೊಚಗುಟ್ಟುತ್ತಿದ್ದಳು. ಕಂಡಕ್ಟರ್ ಏದುಸಿರು ಬಿಡುತ್ತಾ ಸೂರಣ್ಣನ ತೋಳು ಹಿಡಿದ.

"ಹ್ವಾಯ್, ಕುದ್ರಿ ಎಲ್ಲಿತ್ ಮಾರಾಯ್ರೆ?"

"ಮನೆಯಂಗಿತ್" ಎಂದ ಸೂರಣ್ಣ. "ಗಾಡಿ ಕಂಡ್ಕಂಡ್ ಬನ್ನಿ, ಹತ್ತುದಾ ಬ್ಯಾಡ್ದಾ ಆಮೇಲೆ ಹೇಳ್ತೆ ಅಂದಿತ್."